ರಾಚ್‌ಡೇಲ್ ನೇಕಾರರ ಕಟ್ಟುಪಾಡು

ಸಹಕಾರ ಸಂಘವು ಸದ್ಭಾವನೆಯೊಂದರಿಂದಲೇ ನಡೆಯದು. ಅದಕ್ಕೆ ನಿಯಮಗಳ ಆಧಾರ ಬೇಕು. ಇಂಗ್ಲೆಂಡಿನ ರಾಚ್‌ಡೇಲ್ ಪಟ್ಟಣದಲ್ಲಿ 1833ರಲ್ಲಿ ತೆರೆದ ಸಹಕಾರಿ ಅಂಗಡಿಯು ಉದ್ರಿ ಕೊಟ್ಟು ಎರಡು ವರ್ಷಗಳಲ್ಲೇ ಮುಚ್ಚಿಹೋಯಿತು. ಅಲ್ಲಿನ ನೇಕಾರರು ಆ ಪಾಠವನ್ನು ಮರೆಯಲಿಲ್ಲ. 1844ರ ಡಿಸೆಂಬರ್ 21ರಂದು 28 ಪೌಂಡುಗಳ ಬಂಡವಾಳದಿಂದ ಟೋಡ್ ಲೇನ್‌ನಲ್ಲಿ ಹೊಸ ಅಂಗಡಿ ತೆರೆದಾಗ ನಗದು ವ್ಯಾಪಾರವನ್ನೇ ನಿಯಮವಾಗಿಸಿದರು. ಕಲಬೆರಕೆಯಿಲ್ಲದ ಸರಕು, ಸರಿಯಾದ ತೂಕ, ಒಬ್ಬ ಸದಸ್ಯನಿಗೆ ಒಂದೇ ಮತ, ಖರೀದಿಗೆ ತಕ್ಕಂತೆ ಲಾಭದ ಹಂಚಿಕೆ ಇವೂ ಅವರ ಕಟ್ಟುಪಾಡುಗಳೇ.

ಬಡ ನೆರೆಯವನಿಗೆ ಉದ್ರಿಯಿಲ್ಲವೆನ್ನುವುದು ನಿರ್ದಯವೆನಿಸಬಹುದು. ಆದರೆ ಕೆಲವರ ಬಾಕಿಯು ಎಲ್ಲರ ಅಂಗಡಿಯನ್ನು ನುಂಗಿದ್ದನ್ನು ಆ ಊರು ಕಂಡಿತ್ತು.

1905ರಲ್ಲಿ ನಮ್ಮ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಂಘವಾದರೋ ರೈತರಿಗೆ ಸಾಲ ಕೊಡಲೆಂದೇ ಹುಟ್ಟಿತು. ಉದ್ದೇಶ ಬೇರೆಯಾದರೆ ನಿಯಮವೂ ಬೇರೆ. ಆದರೆ ಸಂಘದ ಹಣ ಎಲ್ಲರದೆಂಬ ಎಚ್ಚರ ಎರಡೂ ಕಡೆ ಒಂದೇ.