ಗಾಜಿನ ತೊಟ್ಟಿಗೆ ಬೆಳಕು ಬಂದ ಕಥೆ

ಮುಂಬಯಿಯ ಫ್ಲ್ಯಾಟುಗಳಲ್ಲಿ ಮೀನಿನ ತೊಟ್ಟಿ ಇಟ್ಟುಕೊಂಡಿರುವ ನಮ್ಮವರ ದೂರು ಸಾಮಾನ್ಯವಾಗಿ ಒಂದೇ. ಗಿಡ ಬದುಕುವುದಿಲ್ಲ, ಪಾಚಿ ಸಾಯುವುದಿಲ್ಲ! ಬೋರಿವಲಿಯ ಗೆಳೆಯರೊಬ್ಬರು ಮೊನ್ನೆ ಇದನ್ನೇ ಹೇಳಿಕೊಂಡಾಗ ನನಗೆ ನಗು ಬಂತು. ನೂರ ಎಪ್ಪತ್ತು ವರ್ಷಕ್ಕೂ ಹಿಂದೆ ಲಂಡನ್ನಿನ ಒಬ್ಬ ಕೆಮಿಸ್ಟನಿಗೂ ಇದೇ ತಲೆನೋವಿತ್ತು.

ಆತನ ಹೆಸರು ರಾಬರ್ಟ್ ವಾರಿಂಗ್ಟನ್. ಆದರೆ ಕಥೆ ಅವನಿಗಿಂತ ಹಿಂದೆ ಶುರುವಾಗುತ್ತದೆ. ಮುಚ್ಚಿಟ್ಟ ಪಾತ್ರೆಯಲ್ಲಿ ಮೇಣದಬತ್ತಿ ಉರಿದು ಕೆಟ್ಟ ಗಾಳಿಯನ್ನು ಪುದೀನ ಗಿಡ ಮತ್ತೆ ಸರಿಮಾಡುತ್ತದೆ ಎಂದು 1771ರಲ್ಲಿ ಜೋಸೆಫ್ ಪ್ರೀಸ್ಟ್ಲಿ ಕಂಡುಕೊಂಡ. ಒಮ್ಮೆ ಸರಿಹೋಗುವ ಪ್ರಯೋಗ ಇನ್ನೊಮ್ಮೆ ಕೈಕೊಡುತ್ತಿತ್ತು. ಏಕೆಂದು 1779ರಲ್ಲಿ ತೋರಿಸಿದವನು ಡಚ್ ವೈದ್ಯ ಯಾನ್ ಇಂಗೆನ್‌ಹೌಸ್. ಹಸಿರು ಎಲೆಗಳನ್ನು ನೀರಿನಲ್ಲಿ ಮುಳುಗಿಸಿ ಬಿಸಿಲಿಗಿಟ್ಟರೆ ಗುಳ್ಳೆಗಳು ಏಳುತ್ತವೆ, ಕತ್ತಲಿಗಿಟ್ಟರೆ ನಿಲ್ಲುತ್ತವೆ. ಬಿಸಿಲಿನ ಶಾಖ ಅಲ್ಲ, ಬೆಳಕೇ ಕಾರಣ. ರಾತ್ರಿ ಅದೇ ಗಿಡ ಗಾಳಿಯನ್ನು ಕೆಡಿಸುತ್ತದೆ ಎಂಬುದನ್ನೂ ಆತ ಹೇಳಿದ. ಇಡೀ ದಿನ ಲೈಟು ಉರಿಸಿದರೆ ಗಿಡ ಚೆನ್ನಾಗಿರುತ್ತದೆಂದು ನಂಬಿದವರು, ರಾತ್ರಿ ಹೊತ್ತು ಮೀನು ಮೇಲೆ ಬಂದು ಬಾಯಿ ಬಿಡುವುದೇಕೆಂದು ಕೇಳುವವರು, ಇಬ್ಬರೂ ಈತನನ್ನು ಒಮ್ಮೆ ನೆನೆಯಬೇಕು.

ವಾರಿಂಗ್ಟನ್ 1849ರಲ್ಲಿ ಹನ್ನೆರಡು ಗ್ಯಾಲನ್ ತೊಟ್ಟಿಯಲ್ಲಿ ಎರಡು ಗೋಲ್ಡ್‌ಫಿಶ್ ಬಿಟ್ಟು, ಮರಳಿನಲ್ಲಿ ವ್ಯಾಲಿಸ್ನೇರಿಯಾ ಗಿಡ ನೆಟ್ಟ. ನಮ್ಮ ಅಂಗಡಿಗಳಲ್ಲಿ ರಿಬ್ಬನ್ನಿನಂಥ ಉದ್ದ ಎಲೆಯ ಗಿಡ ಸಿಗುತ್ತದಲ್ಲ, ಅದೇ. ಕೆಲವು ದಿನ ಎಲ್ಲ ಚೆನ್ನಾಗಿತ್ತು. ಆಮೇಲೆ ಹಳೆಯ ಎಲೆಗಳು ಕೊಳೆತವು, ನೀರು ಕದಡಿತು, ಗಾಜಿಗೆ ಹಸಿರು ಲೋಳೆ ಹತ್ತಿತು. ಆಗ ಆತ ಕೆಲವು ನೀರುಬಸವನಹುಳುಗಳನ್ನು ಬಿಟ್ಟ. ಅವು ಕೊಳೆತದ್ದನ್ನೂ ಲೋಳೆಯನ್ನೂ ತಿಂದವು, ಅವುಗಳ ಮೊಟ್ಟೆ ಮೀನಿಗೆ ಆಹಾರವಾಯಿತು. 1850ರಲ್ಲಿ ಈ ಲೆಕ್ಕಾಚಾರವನ್ನು ಲಂಡನ್ನಿನ ಕೆಮಿಕಲ್ ಸೊಸೈಟಿಯ ಪತ್ರಿಕೆಯಲ್ಲಿ ಬರೆದ. ಮೀನು, ಗಿಡ, ಹುಳು, ಮೂವರೂ ಒಬ್ಬರಿಗೊಬ್ಬರು ಬೇಕು.

1853ರಲ್ಲಿ ಲಂಡನ್ ಮೃಗಾಲಯದಲ್ಲಿ ಮೀನುಮನೆ ತೆರೆಯಿತು. ಮರುವರ್ಷ ಫಿಲಿಪ್ ಗಾಸ್ ಎಂಬಾತ 'ದಿ ಅಕ್ವೇರಿಯಂ' ಪುಸ್ತಕ ತಂದ. ಗಾಜಿನ ಮೇಲಿನ ಸುಂಕ 1845ರಲ್ಲೇ ರದ್ದಾಗಿತ್ತು, ಮಧ್ಯಮ ವರ್ಗದವರ ಡ್ರಾಯಿಂಗ್ ರೂಮಿನಲ್ಲೆಲ್ಲ ತೊಟ್ಟಿಗಳು ಬಂದವು. ನಾಲ್ಕೂ ಕಡೆ ಗಾಜು, ಕಿಟಕಿಯ ಪಕ್ಕ. ಫಲ? ಪಾಚಿ! ಕೆರೆಯಲ್ಲಿ ಬೆಳಕು ಮೇಲಿನಿಂದ ಬೀಳುತ್ತದೆ, ಪಕ್ಕದಿಂದಲ್ಲ. ವಾರಿಂಗ್ಟನ್ ಇದನ್ನು ಗಮನಿಸಿ ಹಿಂಬದಿ ಇಳಿಜಾರಾದ, ಮೇಲಿನಿಂದ ಮಾತ್ರ ಬೆಳಕು ಬೀಳುವ ತೊಟ್ಟಿ ರೂಪಿಸಿದ. ಬೋರಿವಲಿಯ ಗೆಳೆಯರ ತೊಟ್ಟಿ ಪಶ್ಚಿಮದ ಕಿಟಕಿಯ ಕೆಳಗಿದೆ. ಹೆಚ್ಚು ಹೇಳಬೇಕಿಲ್ಲ.

ವಿದ್ಯುತ್ ಬಂದ ಮೇಲೆ ಕಿಟಕಿಯ ಹಂಗು ತಪ್ಪಿತು. ಸಾಧಾರಣ ಬಲ್ಬು ನೀರು ಬಿಸಿ ಮಾಡುತ್ತಿತ್ತು. 1938ರಲ್ಲಿ ಮಾರುಕಟ್ಟೆಗೆ ಬಂದ ಟ್ಯೂಬ್‌ಲೈಟು ದೊಡ್ಡ ಉಪಕಾರ ಮಾಡಿತು. ಗಿಡಕ್ಕೆ ಕೆಂಪು ಮತ್ತು ನೀಲಿ ಬೆಳಕು ಹೆಚ್ಚು ಉಪಯೋಗ ಎಂದು ಜರ್ಮನಿಯ ಏಂಗಲ್‌ಮಾನ್ 1882ರಲ್ಲೇ ತೋರಿಸಿದ್ದ. ಅದನ್ನು ಆಧರಿಸಿ ಗುಲಾಬಿ ಛಾಯೆಯ ಟ್ಯೂಬುಗಳೂ ಬಂದವು. ಜಪಾನಿನ ತಕಾಶಿ ಅಮಾನೊ (1954-2015) ಪ್ರಬಲ ಬೆಳಕಿನ ಜೊತೆ ಇಂಗಾಲದ ಡೈಆಕ್ಸೈಡನ್ನೂ ನೀರಿಗೆ ಬಿಟ್ಟು, ತೊಟ್ಟಿಯೊಳಗೆ ಹುಲ್ಲುಗಾವಲು, ಕಾಡುಗಳನ್ನೇ ಬೆಳೆಸಿದ. ಈಗ ಎಲ್ಲರ ಮನೆಯಲ್ಲಿ ಎಲ್‌ಇಡಿ. ಅದರ ನೀಲಿ ದೀಪಕ್ಕೆ 2014ರಲ್ಲಿ ನೊಬೆಲ್ ಪಡೆದ ಮೂವರಲ್ಲಿ ಒಬ್ಬನ ಹೆಸರೂ ಅಮಾನೊ! ಇವನು ಬೇರೆ, ಹಿರೋಶಿ.

ಅಮಾನೊ ಕಲಿಸಿದ ಪಾಠ ಒಂದಿದೆ. ಬೆಳಕು ಎಂದರೆ ಊಟವಲ್ಲ, ಹಸಿವು. ಬೆಳಕು ಹೆಚ್ಚಿದಷ್ಟೂ ಗಿಡ ಇಂಗಾಲ, ಪೊಟ್ಯಾಶ್, ಕಬ್ಬಿಣ ಎಲ್ಲ ಹೆಚ್ಚು ಕೇಳುತ್ತದೆ. ಕೊಡದಿದ್ದರೆ ಗಿಡ ಸೊರಗಿ, ಆ ಬೆಳಕನ್ನು ಪಾಚಿ ತಿನ್ನುತ್ತದೆ. ಗ್ಯಾಸ್ ಸಿಲಿಂಡರ್ ಇಲ್ಲದ ತೊಟ್ಟಿಗೆ ಸಾಧಾರಣ ಬೆಳಕು, ದಿನಕ್ಕೆ ಆರರಿಂದ ಎಂಟು ಗಂಟೆ, ಟೈಮರ್ ಹಾಕಿ. ಸಾಕು.

ಇನ್ನು ನಮ್ಮ ಕಡೆಯವರ ಮಾತು. ಪಶ್ಚಿಮ ಘಟ್ಟದ ತೊರೆಗಳಲ್ಲಿ ಬೆಳೆಯುವ ಕ್ರಿಪ್ಟೋಕೊರೈನ್‌ಗಳು, ನೈಋತ್ಯ ಭಾರತದ ರೊಟಾಲಾ ಮ್ಯಾಕ್ರಾಂಡ್ರಾ, ಇವು ಯೂರೋಪಿನ ತೊಟ್ಟಿಗಳಲ್ಲೂ ಬೆಲೆಬಾಳುತ್ತವೆ. ರೊಟಾಲಾ ಕೆಂಪಾಗಬೇಕಾದರೆ ಚುರುಕು ಬೆಳಕು ಬೇಕು. ಕ್ರಿಪ್ಟೋಕೊರೈನ್ ನೆರಳಲ್ಲೂ ಬಾಳುತ್ತದೆ, ಆದರೆ ಜಾಗ ಬದಲಿಸಿದರೆ ಎಲೆಗಳೆಲ್ಲ ಕರಗಿಹೋಗುತ್ತವೆ. ಸತ್ತಿತೆಂದು ಕಿತ್ತೆಸೆಯುವವರೇ ಹೆಚ್ಚು. ಬೇರು ಜೀವಂತ ಇರುತ್ತದೆ, ಕೆಲವು ವಾರ ಬಿಟ್ಟರೆ ಹೊಸ ನೀರಿಗೆ ಹೊಂದಿಕೊಂಡ ಎಲೆ ಬರುತ್ತದೆ. ಊರು ಬಿಟ್ಟು ಬಂದ ನಮಗೆ ಇದು ಹೊಸ ಸುದ್ದಿಯೇನಲ್ಲ ಬಿಡಿ.

ಹೊಂದಿಕೊಳ್ಳುವುದು ಅತಿಯಾದ ಕಥೆಯೂ ಇದೆ. ನಮ್ಮ ಕೆರೆಗಳಲ್ಲಿ ಯಾರೂ ತಿರುಗಿ ನೋಡದ ಹೈಡ್ರಿಲ್ಲಾವನ್ನು 1950ರ ದಶಕದ ಆರಂಭದಲ್ಲಿ ಸಿಲೋನಿನಿಂದ ಫ್ಲಾರಿಡಾಕ್ಕೆ ಅಕ್ವೇರಿಯಂ ಗಿಡವೆಂದು ತರಿಸಿದರು. ಅದು ಕಾಲುವೆ ಸೇರಿತು. ಅತಿ ಕಡಿಮೆ ಬೆಳಕಿನಲ್ಲೂ ಬೆಳೆಯಬಲ್ಲ ಗಿಡ, ಒಂದು ತುಂಡು ಸಾಕು. ಕೆಲವೇ ದಶಕಗಳಲ್ಲಿ ಅಲ್ಲಿನ ಸರೋವರ, ನದಿಗಳನ್ನೆಲ್ಲ ತುಂಬಿತು, ದೋಣಿ ಹೋಗದಂತಾಯಿತು. ಆದ್ದರಿಂದ ತೊಟ್ಟಿಯ ಗಿಡ ಕತ್ತರಿಸಿದಾಗ ತುಂಡುಗಳನ್ನು ನಾಲೆಗೋ ಪೊವಾಯಿ ಕೆರೆಗೋ ಎಸೆಯಬೇಡಿ. ಬಾಲ್ಕನಿಯಲ್ಲಿ ಎರಡು ದಿನ ಚೆನ್ನಾಗಿ ಒಣಗಿಸಿ, ಹೂಕುಂಡಕ್ಕೆ ಹಾಕಿ. ತುಳಸಿಗೆ ಒಳ್ಳೆಯ ಗೊಬ್ಬರ.