ಹೊಸ ಉದ್ಯಮದ ಪೂರ್ವಶೋಧನೆ: ಗಂಧದೆಣ್ಣೆ, ಭದ್ರಾವತಿಯ ಮದ್ಯಸಾರ ಹಾಗೂ ಮೊಳಕಾಲ್ಮೂರು ಸೀಮೆಯ ಮಗ್ಗ

ಮೊಳಕಾಲ್ಮೂರು ತಾಲ್ಲೂಕು ಇತಿಹಾಸದ ವಿದ್ಯಾರ್ಥಿಗಳಿಗೆ ಅಶೋಕನ ಶಾಸನಗಳಿಂದ ಪರಿಚಿತವಾದುದು. 1892ರಲ್ಲಿ ಬಿ. ಎಲ್. ರೈಸ್‌ರವರು ಬ್ರಹ್ಮಗಿರಿ, ಸಿದ್ದಾಪುರ ಮತ್ತು ಜಟಿಂಗ ರಾಮೇಶ್ವರಗಳ ಶಾಸನಗಳನ್ನು ಬೆಳಕಿಗೆ ತಂದಂದಿನಿಂದ ಈ ಸೀಮೆಯ ಚರಿತ್ರೆಯೆಂದರೆ ಇಸಿಲ ಪಟ್ಟಣ, ಸುವರ್ಣಗಿರಿಯ ಆರ್ಯಪುತ್ರ, ಲಿಪಿಕಾರ ಚಪಡ ಎಂಬಷ್ಟಕ್ಕೆ ನಮ್ಮ ತರಗತಿಗಳಲ್ಲಿ ಮುಗಿದುಹೋಗುತ್ತದೆ. ಅದೇ ತಾಲ್ಲೂಕಿನ ಕೊಂಡ್ಲಹಳ್ಳಿಯಂತಹ ಊರಿನಲ್ಲಿ ರೇಷ್ಮೆಯ ಮಗ್ಗ, ನೆರೆಯ ಚಳ್ಳಕೆರೆಯ ಸೀಮೆಯಲ್ಲಿ ಕಂಬಳಿಯ ಮಗ್ಗ, ಪೇಟೆಯಲ್ಲಿ ಕಡಲೆಕಾಯಿ ಎಣ್ಣೆಯ ಗಿರಣಿ, ಇವುಗಳ ಚರಿತ್ರೆಯನ್ನು ಕೇಳುವವರು ವಿರಳ. ಈಗ ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೆಯ ಆವರಣ ತಲೆಯೆತ್ತಿರುವುದರಿಂದ, ಹೊಸ ತಂತ್ರಜ್ಞಾನದ ಉದ್ಯಮವೊಂದನ್ನು ತೊಡಗುವವರು ಮೊದಲು ಏನನ್ನು ಶೋಧಿಸಬೇಕೆಂಬ ಪ್ರಶ್ನೆ ಈ ಭಾಗದ ತರುಣರಲ್ಲಿ ಎದ್ದಿದೆ. ಯಾವ ಕಂಪೆನಿಗಳು ಈಗಾಗಲೇ ಅದೇ ಕಸುಬಿನಲ್ಲಿವೆ? ಯಾವ ವಿಧಾನದ ಮೇಲೆ ಯಾರಿಗೆ ಪೇಟೆಂಟಿನ ಹಕ್ಕುಂಟು? ಸರಕನ್ನು ಕೊಳ್ಳುವವರು ಯಾರು? ಈ ಮೂರು ಪ್ರಶ್ನೆಗಳು ಇಂದಿನವೆಂದು ಭಾವಿಸುವುದು ಸರಿಯಲ್ಲ. ಮೈಸೂರು ಸಂಸ್ಥಾನವು ನೂರು ವರ್ಷಗಳ ಹಿಂದೆಯೇ ಇವನ್ನು ಎದುರಿಸಿತ್ತು. ಒಂದು ಸಲ ಗೆದ್ದಿತು, ಮತ್ತೊಂದು ಸಲ ಬಹಳ ಬೆಲೆ ತೆತ್ತಿತು.

ಪೇಟೆಂಟಿನ ವಿಷಯವಾಗಿ ಎರಡು ಮಾತು. ಬ್ರಿಟಿಷ್ ಇಂಡಿಯಾದಲ್ಲಿ ಹೊಸ ನಿರ್ಮಾಣಗಳಿಗೆ ರಕ್ಷಣೆ ಕೊಡುವ ಮೊದಲ ಕಾಯಿದೆ 1856ರಲ್ಲಿ ಬಂದಿತು. ಅದರ ಮೇರೆಗೆ ಸಲ್ಲಿಸಲ್ಪಟ್ಟ ಮೊದಲ ಅರ್ಜಿ ಪಂಖಾ ಎಳೆಯುವ ಯಂತ್ರವೊಂದರದು. ಅರ್ಜಿದಾರ ಕಲಕತ್ತೆಯ ಡಿಪೆನ್ನಿಂಗ್ ಎಂಬವನು. ಬಿಸಿಲಿನ ದೇಶದಲ್ಲಿ ದೊರೆಗಳ ಮೊದಲ ಚಿಂತೆ ಗಾಳಿಯೇ ಆದುದರಲ್ಲಿ ಆಶ್ಚರ್ಯವಿಲ್ಲ. ಆ ಕಾಯಿದೆ ಮರುವರ್ಷವೇ ರದ್ದಾಗಿ 1859ರಲ್ಲಿ ಬೇರೊಂದು ಬಂದಿತು; ತರುವಾಯ 1911ರ ಕಾಯಿದೆ, ಸ್ವಾತಂತ್ರ್ಯಾನಂತರ 1970ರ ಕಾಯಿದೆ. ಪೇಟೆಂಟೆಂದರೆ ರಹಸ್ಯವನ್ನು ಕಾಯುವ ಬೀಗವಲ್ಲವೆಂಬುದನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಿರ್ಮಾಪಕನು ತನ್ನ ವಿಧಾನವನ್ನು ಬರೆದು ಬಹಿರಂಗಪಡಿಸುತ್ತಾನೆ. ಅದಕ್ಕೆ ಪ್ರತಿಯಾಗಿ ಗೊತ್ತಾದ ಅವಧಿಯವರೆಗೆ ಆ ವಿಧಾನದ ಏಕಸ್ವಾಮ್ಯವನ್ನು ಪಡೆಯುತ್ತಾನೆ. ಆದುದರಿಂದ ಪೇಟೆಂಟು ಪತ್ರವು ತಡೆಗೋಡೆಯೂ ಹೌದು, ಓದಬಲ್ಲವನಿಗೆ ಪಾಠಪುಸ್ತಕವೂ ಹೌದು. ಚರಿತ್ರಕಾರನಿಗಂತೂ ಅದು ತಾಮ್ರಶಾಸನದಷ್ಟೇ ಖಚಿತವಾದ ಆಧಾರ. ಅದರಲ್ಲಿ ತೇದಿ, ಹೆಸರು, ಎಲ್ಲೆಕಟ್ಟು ಮೂರೂ ಇರುತ್ತವೆ.

ಮೊದಲನೆಯ ನಿದರ್ಶನ ಗಂಧದೆಣ್ಣೆ. ಶ್ರೀಗಂಧವು ಮೈಸೂರಿನಲ್ಲಿ ರಾಜವೃಕ್ಷ. ಟೀಪೂ ಸುಲ್ತಾನನ ಕಾಲದಿಂದ ಅದರ ಮೇಲಿನ ಹಕ್ಕು ಸರ್ಕಾರದ್ದಾಗಿತ್ತು. ಹತ್ತೊಂಬತ್ತನೆಯ ಶತಮಾನದುದ್ದಕ್ಕೂ ಸರ್ಕಾರ ಮಾಡುತ್ತಿದ್ದುದು ಇಷ್ಟೇ: ಮರವನ್ನು ಕಡಿದು, ಚೇಗನ್ನೂ ಬೇರನ್ನೂ ದರ್ಜೆವಾರು ವಿಂಗಡಿಸಿ, ಕೋಠಿಗಳಲ್ಲಿ ಹರಾಜು ಹಾಕುವುದು. ಕೊಂಡವರು ಯೂರೋಪಿಗೆ ಸಾಗಿಸಿ ಎಣ್ಣೆ ಇಳಿಸುತ್ತಿದ್ದರು. ಹೀಗೆ ಎಣ್ಣೆ ಇಳಿಸುವ ಕಸುಬಿನಲ್ಲಿ ಜರ್ಮನಿ ಮುಂದಾಗಿದ್ದಿತು. ಲೈಪ್‌ಜಿಗ್‌ನ ಶಿಮೆಲ್ ಕಂಪೆನಿಯು ಸುಗಂಧ ತೈಲಗಳ ಬಗ್ಗೆ ಆರು ತಿಂಗಳಿಗೊಮ್ಮೆ ವರದಿಯೊಂದನ್ನು ಮುದ್ರಿಸಿ ಹಂಚುತ್ತಿತ್ತು. ಮೈಸೂರಿನ ಗಂಧದ ಹರಾಜಿನ ಸಮಾಚಾರವೂ ಅದರಲ್ಲಿ ಬರುತ್ತಿತ್ತು. ಅಂದರೆ ನಮ್ಮ ಕಾಡಿನ ಮರದಲ್ಲಿ ಎಣ್ಣೆಯೆಷ್ಟು, ಆ ಎಣ್ಣೆಗೆ ಯಾವ ಪೇಟೆಯಲ್ಲಿ ಯಾವ ಧಾರಣೆ ಎಂಬುದನ್ನು ಕೊಳ್ಳುವವನು ಅರಿತಿದ್ದನು. ಮಾರುವವನ ಲೆಕ್ಕ ಹರಾಜಿನ ಕೂಗಿಗೆ ನಿಲ್ಲುತ್ತಿತ್ತು.

1914ರಲ್ಲಿ ಯುದ್ಧ ಪ್ರಾರಂಭವಾದೊಡನೆ ಈ ವ್ಯಾಪಾರ ಮುರಿದುಬಿದ್ದು ಗಂಧದ ಕೊರಡುಗಳು ಕೋಠಿಗಳಲ್ಲಿ ರಾಶಿ ಬಿದ್ದುವು. ಆಗ ದಿವಾನರಾಗಿದ್ದವರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕೈಗಾರಿಕಾ ಇಲಾಖೆಯ ನಿರ್ದೇಶಕರು ಆಲ್‌ಫ್ರೆಡ್ ಚಾಟರ್ಟನ್‌ರವರು. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ ಸಡ್‌ಬರೋ ಮತ್ತು ವಾಟ್ಸನ್ ಎಂಬ ಇಬ್ಬರು ರಸಾಯನಶಾಸ್ತ್ರಜ್ಞರು ಗಂಧದ ಪುಡಿಯನ್ನು ಹಬೆಯಲ್ಲಿ ಬಟ್ಟಿ ಇಳಿಸುವ ಪ್ರಯೋಗಗಳನ್ನು ನಡೆಸಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಕಾರ್ಖಾನೆ, ಮರುವರ್ಷ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ.

ಇದನ್ನು ಕೇವಲ ದಿವಾನರ ದೂರದೃಷ್ಟಿಯ ಕಥೆಯಾಗಿ ಹೇಳುವ ವಾಡಿಕೆ ನಮ್ಮಲ್ಲಿದೆ. ದೂರದೃಷ್ಟಿಯಿದ್ದುದು ನಿಜ. ಆದರೆ ಉದ್ಯಮ ನಿಂತುದಕ್ಕೆ ಕಾರಣಗಳನ್ನು ಬಿಡಿಸಿ ನೋಡಬೇಕು. ಹಬೆಯಿಂದ ಎಣ್ಣೆ ಇಳಿಸುವ ತತ್ತ್ವ ಬಹು ಹಳೆಯದಾದುದರಿಂದ ಮೂಲ ವಿಧಾನದ ಮೇಲೆ ಪೇಟೆಂಟಿನ ಅಡ್ಡಿಯಿರಲಿಲ್ಲ. ಇದ್ದುದು ಕೈವಳಿಕೆಯ ಅಡ್ಡಿ: ಕೊರಡನ್ನು ಎಷ್ಟು ನುಣ್ಣಗೆ ಪುಡಿ ಮಾಡಬೇಕು, ಹಬೆಯ ಒತ್ತಡ ಎಷ್ಟಿರಬೇಕು, ಎಷ್ಟು ಹೊತ್ತು ಇಳಿಸಬೇಕು. ಇವು ಪ್ರಯೋಗಶಾಲೆಯಲ್ಲಿ ಬಿಡಿಸಬಹುದಾದ ಗಂಟುಗಳು. ಕಚ್ಚಾಸರಕು ಸಂಸ್ಥಾನದ ಸ್ವಂತದ್ದು. ಪ್ರಬಲನಾದ ಪ್ರತಿಸ್ಪರ್ಧಿ ಯುದ್ಧದಿಂದಾಗಿ ಕಣದಲ್ಲಿಲ್ಲ. ಇನ್ನು ಕೊಳ್ಳುವವರು ಯಾರು? ಅತ್ತರಿನವರು ಮಾತ್ರವೆಂದು ಇಂದಿನ ಓದುಗರು ತಿಳಿದಾರು. ಆ ಕಾಲದಲ್ಲಿ ಗಂಧದೆಣ್ಣೆ ಯೂರೋಪಿನ ಔಷಧಕೋಶಗಳಲ್ಲಿ ಸೇರಿತ್ತು. ಮೇಹರೋಗಕ್ಕೆ ವೈದ್ಯರು ಅದನ್ನು ಕೊಡುತ್ತಿದ್ದರು. ಎಣ್ಣೆಯಲ್ಲಿ ಸ್ಯಾಂಟಲಾಲ್ ಎಂಬ ಅಂಶ ಇಂತಿಷ್ಟಿರಬೇಕೆಂಬ ಕಟ್ಟಳೆಯೂ ಇದ್ದಿತು. 1930ರ ದಶಕದಲ್ಲಿ ಸಲ್ಫಾ ಔಷಧಗಳೂ ಮುಂದಿನ ದಶಕದಲ್ಲಿ ಪೆನಿಸಿಲಿನ್ನೂ ಬಂದಮೇಲೆ ಆ ಪೇಟೆ ಕರಗಿಹೋಯಿತು. ಅಷ್ಟರಲ್ಲಿ ಗಂಧಕ್ಕೆ ಬೇರೊಂದು ದಾರಿ ಸಿದ್ಧವಾಗಿತ್ತು. ಎಸ್. ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಿ ಸಾಬೂನಿನ ಶಾಸ್ತ್ರವನ್ನು ಕಲಿಸಿ, 1918ರಲ್ಲಿ ಬೆಂಗಳೂರಿನಲ್ಲಿ ಸಾಬೂನು ಕಾರ್ಖಾನೆಯನ್ನು ತೆರೆಯಲಾಯಿತು. ಪರದೇಶದ ಅತಿಥಿಗಳು ಮಹಾರಾಜರಿಗೆ ಗಂಧದೆಣ್ಣೆಯ ಸಾಬೂನನ್ನು ಕಾಣಿಕೆ ಕೊಟ್ಟುದರಿಂದ ಈ ಆಲೋಚನೆ ಹುಟ್ಟಿತೆಂಬ ಕಥೆ ಪ್ರಚಲಿತವಾಗಿದೆ. ನಮ್ಮ ಅಭಿಪ್ರಾಯದಲ್ಲಿ ಕಾಣಿಕೆಗಿಂತ ಮುಖ್ಯವಾದುದು ಈ ಕ್ರಮ: ಮೊದಲು ಎಣ್ಣೆ, ಆಮೇಲೆ ಆ ಎಣ್ಣೆಯನ್ನು ತಾನೇ ಬಳಸುವ ಎರಡನೆಯ ಸರಕು. ಒಂದು ಪೇಟೆ ಮುಚ್ಚಿದಾಗ ಇನ್ನೊಂದು ತೆರೆದಿತ್ತು. ಮಾನವಪ್ರಜ್ಞೆ ಎಷ್ಟು, ಅದೃಷ್ಟವೆಷ್ಟು ಎಂಬುದನ್ನು ತೂಗುವುದು ಕಷ್ಟ, ಎರಡೂ ಇದ್ದುವು.

ಎರಡನೆಯ ನಿದರ್ಶನ ಇಷ್ಟು ಸುಖಕರವಲ್ಲ. ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಯೋಜನೆ ರೂಪುಗೊಂಡುದು ಅದೇ ಯುದ್ಧದ ಕಾಲದಲ್ಲಿ. ಟಾಟಾರವರ ಸಾಕ್ಚಿ ಕಾರ್ಖಾನೆಗೆ ಸಲಹೆಗಾರರಾಗಿದ್ದ ನ್ಯೂಯಾರ್ಕಿನ ಪೆರಿನ್‌ರವರೇ ಇಲ್ಲಿಗೂ ಸಲಹೆಗಾರರು. ಬಾಬಾಬುಡನ್ ಬೆಟ್ಟದಲ್ಲಿ ಅದಿರು ಉಂಟು. ಕಲ್ಲಿದ್ದಲು ಮಾತ್ರ ಹತ್ತಿರದಲ್ಲಿಲ್ಲ. ಆದುದರಿಂದ ಮಲೆನಾಡಿನ ಮರವನ್ನು ಇದ್ದಲು ಮಾಡಿ ಆ ಇದ್ದಲಿನಿಂದ ಬೀಡು ಕಬ್ಬಿಣವನ್ನು ತೆಗೆಯಬೇಕು. ಮರವನ್ನು ಸುಮ್ಮನೆ ಸುಟ್ಟರೆ ಹೊಗೆ ಆಕಾಶದ ಪಾಲು. ಮುಚ್ಚಿದ ಕೋಶಗಳಲ್ಲಿ ಕಾಯಿಸಿದರೆ ಅದೇ ಹೊಗೆಯಿಂದ ಮೆಥನಾಲ್ ಎಂಬ ಮದ್ಯಸಾರ, ಅಸಿಟೇಟ್ ಸುಣ್ಣ, ಕೀಲು ದೊರೆಯುತ್ತವೆ. ಅಸಿಟೇಟ್ ಸುಣ್ಣದಿಂದ ಅಸಿಟೋನ್, ಅಸಿಟೋನಿನಿಂದ ಕಾರ್ಡೈಟ್ ಎಂಬ ಸಿಡಿಮದ್ದು. ಯುದ್ಧಕಾಲದಲ್ಲಿ ಇವುಗಳಿಗೆ ಚಿನ್ನದ ಬೆಲೆ. ಹೀಗಿರುವಲ್ಲಿ ಉಪಸರಕುಗಳ ಮಾರಾಟದಿಂದ ಇದ್ದಲಿನ ಖರ್ಚು ಹಗುರವಾಗಿ ಕಬ್ಬಿಣ ಅಗ್ಗವಾಗುವುದೆಂಬ ಲೆಕ್ಕ ಅಸಂಗತವಾಗಿರಲಿಲ್ಲ.

ಕಾರ್ಖಾನೆ ಕೆಲಸ ಪ್ರಾರಂಭಿಸಿದುದು 1923ರ ಜನವರಿಯಲ್ಲಿ. ಅದೇ ವರ್ಷ ಜರ್ಮನಿಯ ಲಾಯ್ನಾ ಎಂಬಲ್ಲಿ ಬಿ. ಎ. ಎಸ್. ಎಫ್. ಕಂಪೆನಿಯು ಮರದ ಹಂಗಿಲ್ಲದೆ, ಅನಿಲಗಳನ್ನು ಹೆಚ್ಚಿನ ಒತ್ತಡದಲ್ಲಿ ಕೂಡಿಸಿ ಮೆಥನಾಲನ್ನು ತಯಾರಿಸತೊಡಗಿತು. ಈ ವಿಧಾನ ಪೇಟೆಂಟುಗಳಿಂದ ಭದ್ರವಾಗಿತ್ತು. ಒಂದೆರಡು ವರ್ಷಗಳಲ್ಲಿ ಈ ಜರ್ಮನ್ ಸರಕು ಅಮೆರಿಕದ ಬಂದರನ್ನು ಮುಟ್ಟಿದಾಗ ಅಲ್ಲಿಯ ಮರದ ಬಟ್ಟಿಯವರೇ ದಿಗಿಲುಗೊಂಡರು. ಅಸಿಟೋನಿನ ಗತಿಯೂ ಹಾಗೆಯೇ. ವೈಜ್‌ಮನ್ ಎಂಬ ರಸಾಯನಶಾಸ್ತ್ರಜ್ಞನು ಯುದ್ಧಕಾಲದಲ್ಲಿಯೇ ಧಾನ್ಯವನ್ನು ಹುಳಿಸಿ ಅದನ್ನು ಪಡೆಯುವ ಮಾರ್ಗವನ್ನು ತೋರಿಸಿದ್ದನು. ಇತ್ತ ಬೀಡು ಕಬ್ಬಿಣದ ಧಾರಣೆಯೂ ಯುದ್ಧಾನಂತರ ಕುಸಿಯಿತು. ಹೊಸ ಕಾರ್ಖಾನೆ ನಷ್ಟದಲ್ಲಿ ಮುಳುಗಿದಾಗ ನಿವೃತ್ತರಾಗಿದ್ದ ವಿಶ್ವೇಶ್ವರಯ್ಯನವರನ್ನೇ ಕರೆತಂದು 1923ರಿಂದ 1929ರವರೆಗೆ ಆಡಳಿತ ಮಂಡಲಿಯ ಅಧ್ಯಕ್ಷರನ್ನಾಗಿ ಮಾಡಲಾಯಿತು. ವೆಚ್ಚದ ಕಡಿತ, ಬೀಡಿನ ಕೊಳವೆಗಳ ತಯಾರಿಕೆ, 1930ರ ದಶಕದಲ್ಲಿ ಉಕ್ಕು ಮತ್ತು ಸಿಮೆಂಟು, ಹೀಗೆ ಕಾರ್ಖಾನೆ ಬೇರೆ ದಾರಿಗಳಿಂದ ಉಳಿದುಕೊಂಡಿತು. 1998ರಲ್ಲಿ ಅದು ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾದುದು ನಂತರದ ಸಂಗತಿ.

ಯೋಜನೆ ಮಾಡಿದವರನ್ನು ದೂಷಿಸುವುದು ಸುಲಭ. ಆದರೆ ನ್ಯಾಯವಾಗಿ ನೋಡಿದರೆ ಅವರು ಧಾರಣೆಯನ್ನು ವಿಚಾರಿಸಿದ್ದರು, ಅದಿರನ್ನು ಪರೀಕ್ಷಿಸಿದ್ದರು, ಯಂತ್ರದ ತಜ್ಞರನ್ನು ಕೇಳಿದ್ದರು. ಅವರ ಲೆಕ್ಕ ನಿಂತಿದ್ದುದು ಇರುವ ಬೆಲೆಯ ಮೇಲೆ. ಅಸಾಧಾರಣ ಕಾಲದ ಬೆಲೆಯನ್ನು ಸಾಧಾರಣ ಕಾಲಕ್ಕೆ ಹಿಗ್ಗಿಸಿದುದು ಒಂದು ದೌರ್ಬಲ್ಯ. ಇನ್ನೊಂದು ಸೂಕ್ಷ್ಮತರವಾದುದು: ಪ್ರತಿಸ್ಪರ್ಧಿಯೆಂದರೆ ತಮ್ಮಂತೆಯೇ ಮರ ಸುಡುವವನೆಂದು ಭಾವಿಸಿದುದು. ನಿಜವಾದ ಪ್ರತಿಸ್ಪರ್ಧಿಗೆ ಮರವೇ ಬೇಕಿರಲಿಲ್ಲ. ಅವನನ್ನು ಕಬ್ಬಿಣದ ಕಂಪೆನಿಗಳ ಪಟ್ಟಿಯಲ್ಲಾಗಲಿ ಮರದ ಬಟ್ಟಿಯವರ ಪಟ್ಟಿಯಲ್ಲಾಗಲಿ ಹುಡುಕಿದರೆ ಸಿಕ್ಕುತ್ತಿರಲಿಲ್ಲ.

ಕುತೂಹಲದ ಸಂಗತಿಯೆಂದರೆ, ಈ ಕಂಪೆನಿಯ ಕೈ ನಮ್ಮ ನಾಡನ್ನು ಮುಟ್ಟಿದುದು ಅದೇ ಮೊದಲಲ್ಲ. 1869ರಲ್ಲಿ ಮಂಜಿಷ್ಠದ ಬೇರಿನ ಕೆಂಪು ಬಣ್ಣವಾದ ಅಲಿಜರಿನ್ನನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ ಅದರ ಪಕ್ಷದವರು ಲಂಡನ್ನಿನಲ್ಲಿ ಅರ್ಜಿ ಸಲ್ಲಿಸಿದರು. ಇಂಗ್ಲಿಷ್ ರಸಾಯನಶಾಸ್ತ್ರಜ್ಞ ಪರ್ಕಿನ್ ಅದೇ ವಸ್ತುವಿಗೆ ಅರ್ಜಿ ತಂದುದು ಒಂದು ದಿನ ತಡವಾಗಿ. 1897ರಲ್ಲಿ ಅದೇ ಕಂಪೆನಿ ಕೃತಕ ನೀಲಿಯನ್ನು ಪೇಟೆಗೆ ಬಿಟ್ಟಿತು. ಭಾರತದ ನೀಲಿಗಿಡದ ವ್ಯಾಪಾರ ಅದರಿಂದ ಚೇತರಿಸಿಕೊಳ್ಳಲಿಲ್ಲ. ಮಗ್ಗದ ಮುಂದೆ ಕುಳಿತ ನೇಕಾರನಿಗೆ ಕಂಪೆನಿಯ ಹೆಸರು ತಿಳಿಯದಿರಬಹುದು. ಬಣ್ಣದ ಬಾನಿಯಲ್ಲಿ ಬೇರು ಹೋಗಿ ಪುಡಿ ಬಂದುದಂತೂ ಕೈಗೇ ತಿಳಿಯುವ ವಿಷಯ.

ಮೊಳಕಾಲ್ಮೂರಿನ ಸೀರೆಯ ಮಾತಿಗೆ ಬರೋಣ. ಅಂಚಿನ ಬಣ್ಣವೇ ಬೇರೆ, ಒಡಲಿನ ಬಣ್ಣವೇ ಬೇರೆ ಆಗಿ, ಮಗ್ಗದ ಮೇಲೆಯೇ ಚಿತ್ತಾರವನ್ನು ಮೂಡಿಸುವ ರೇಷ್ಮೆ ಸೀರೆಯಿದು. ಇದಕ್ಕೆ ಪೇಟೆಂಟು ಸಾಧ್ಯವಿಲ್ಲ. ಪೇಟೆಂಟು ಹೊಸದಕ್ಕೆ ಸಲ್ಲುತ್ತದೆ, ಇದು ತಲೆಮಾರುಗಳ ಸೊತ್ತು. ನೂಲು ಮತ್ತು ಜರಿ ಹೊರಗಿನಿಂದ ಬರಬೇಕು. ಸೀರೆ ಬಹುಮಟ್ಟಿಗೆ ವರ್ತಕರ ಮುಖಾಂತರ ಹೊರಗೆ ಹೋಗಬೇಕು. ನಡುವೆ ನೇಕಾರನ ಕೈಯಲ್ಲಿ ಉಳಿಯುವುದು ವಿದ್ಯೆಯೊಂದೇ. ಆ ವಿದ್ಯೆಯನ್ನು ವಿದ್ಯುತ್ ಮಗ್ಗ ಅನುಕರಿಸಿದರೆ ಕೈಮಗ್ಗಕ್ಕೆ ಉಳಿಗಾಲವೆಲ್ಲಿ? ಈ ಆತಂಕದಿಂದಲೇ 1985ರಲ್ಲಿ ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಕಾದಿರಿಸುವ ಕೇಂದ್ರ ಕಾಯಿದೆ ಹುಟ್ಟಿತು. ತರುವಾಯ 1999ರ ಭೌಗೋಳಿಕ ಸೂಚಿಗಳ ಕಾಯಿದೆ 2003ರಲ್ಲಿ ಜಾರಿಗೆ ಬಂದು, 2011ರಲ್ಲಿ ಮೊಳಕಾಲ್ಮೂರು ಸೀರೆಗೆ ಆ ಮನ್ನಣೆ ದೊರೆಯಿತು. ಮೈಸೂರು ರೇಷ್ಮೆ, ಗಂಧದೆಣ್ಣೆ, ಗಂಧದ ಸಾಬೂನುಗಳು ಅದಕ್ಕೆ ಮೊದಲೇ ಅದೇ ಪಟ್ಟಿಯನ್ನು ಸೇರಿದ್ದುವು.

ಇಲ್ಲಿ ಕಾಯಿದೆಯ ಒಂದು ಸೂಕ್ಷ್ಮವನ್ನು ಹೇಳಲೇಬೇಕು. ಭೌಗೋಳಿಕ ಸೂಚಿಯಲ್ಲಿ ನೋಂದಾಯಿತ ಒಡೆಯನೆಂಬುವನು ಒಬ್ಬ, ಅಧಿಕೃತ ಬಳಕೆದಾರನೆಂಬುವನು ಇನ್ನೊಬ್ಬ. ಹೆಸರು ಇಡಿಯ ಸೀಮೆಗೆ ಸಂದರೂ, ಅಧಿಕೃತ ಬಳಕೆದಾರನಾಗಲು ನೇಕಾರನು ಪ್ರತ್ಯೇಕವಾಗಿ ಅರ್ಜಿ ಹಾಕಿ ತನ್ನ ಹೆಸರನ್ನು ದಾಖಲಿಸಿಕೊಳ್ಳಬೇಕು. ಗಂಧದ ಸಾಬೂನಿಗೆ ಇದು ತೊಡಕಲ್ಲ. ಅಲ್ಲಿ ಒಡೆಯನೂ ತಯಾರಕನೂ ಒಂದೇ ಸರ್ಕಾರಿ ಸಂಸ್ಥೆ. ಮನೆಮನೆಯ ಮಗ್ಗದಲ್ಲಿ ಸಾಲದ ನೂಲಿನಿಂದ ನೇಯುವವನಿಗೆ ಅದೇ ಕಾಯಿದೆ ಬೇರೆಯೇ ಆಗಿ ತೋರುತ್ತದೆ. ಕೊಂಡ್ಲಹಳ್ಳಿಯ ತರುಣನೊಬ್ಬನು ಈ ಸೀರೆಯನ್ನು ಹೊಸ ಮಾರ್ಗದಲ್ಲಿ ಮಾರುವ ಉದ್ಯಮವನ್ನು ಕಟ್ಟುವನಾದರೆ, ಅವನು ಮೊದಲು ಓದಬೇಕಾದುದು ಪೇಟೆಂಟಿನ ಕಡತವನ್ನಲ್ಲ, ಅಧಿಕೃತ ಬಳಕೆದಾರರ ಪಟ್ಟಿಯನ್ನು. ತನಗೆ ನೇಯ್ದುಕೊಡುವವರ ಹೆಸರು ಅದರಲ್ಲಿ ಉಂಟೇ ಎಂಬುದನ್ನು.

ಚಳ್ಳಕೆರೆಯ ಕಂಬಳಿಗೆ ಇಂತಹ ಪಟ್ಟಿಯ ಪ್ರಶ್ನೆಗಿಂತ ಹಿಂದಿನ ಪ್ರಶ್ನೆಯೊಂದುಂಟು. ಕಂಬಳಿಯ ಹಾಸಿಗೆ ಹುಣಸೆಬೀಜದ ಸರಿಯನ್ನು ಬಳಿದು ಗಟ್ಟಿಗೊಳಿಸುತ್ತಾರೆ. ಉಣ್ಣೆ ಈ ಸೀಮೆಯ ಕುರಿಯದು. ಕುರಿ ಮೇಯುವುದು ಕಾವಲಿನಲ್ಲಿ. ಅಮೃತಮಹಲ್ ದನಗಳಿಗಾಗಿ ಮೈಸೂರು ಅರಸರ ಕಾಲದಿಂದ ಬಿಟ್ಟಿದ್ದ ಈ ಹುಲ್ಲುಗಾವಲುಗಳಲ್ಲಿ ಸುಮಾರು 10,000 ಎಕರೆಗಳನ್ನು 2009ರಿಂದೀಚೆಗೆ ವಿಜ್ಞಾನ, ರಕ್ಷಣೆ, ಅಣುಶಕ್ತಿ ಹಾಗೂ ಅಂತರಿಕ್ಷ ಸಂಸ್ಥೆಗಳಿಗೆ ಹಂಚಲಾಯಿತು. ಅವುಗಳಲ್ಲಿ ಕುದಾಪುರದ ವಿಜ್ಞಾನ ಸಂಸ್ಥೆಯ ಪಾಲು ಸುಮಾರು 1,500 ಎಕರೆ. 2017ರಲ್ಲಿ ಇದೇ ಪ್ರದೇಶದಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷಾಕ್ಷೇತ್ರವೂ ಉದ್ಘಾಟನೆಯಾಯಿತು. 1916ರಲ್ಲಿ ಗಂಧದ ಕೊರಡನ್ನು ಎಣ್ಣೆಯಾಗಿಸಿದ ಸಂಸ್ಥೆಯೇ ಇಂದು ಕಂಬಳಿಯ ನೆರೆಹೊರೆಯಲ್ಲಿದೆ. ದೊಡ್ಡ ಉಳ್ಳಾರ್ತಿಯ ಸುತ್ತಿನ ಹಳ್ಳಿಗಳವರು ಕಾವಲಿನ ಹಂಚಿಕೆಯನ್ನು ಪ್ರಶ್ನಿಸಿ ರಾಷ್ಟ್ರೀಯ ಹಸಿರು ನ್ಯಾಯಪೀಠದವರೆಗೆ ವ್ಯಾಜ್ಯ ನಡೆದುದು 2013 ಮತ್ತು 2014ರಲ್ಲಿ. ಆ ವ್ಯಾಜ್ಯದಲ್ಲಿ ಹುಲ್ಲು, ಕುರಿ ಮತ್ತು ಕಂಬಳಿಗಳನ್ನು ಒಂದೇ ಕಸುಬಿನ ಮೂರು ಅಂಗಗಳೆಂದು ಎಣಿಸಿ ವಾದಿಸಿದವರು ಹಳ್ಳಿಗರು. ಭೂಮಿಯನ್ನು ಹಂಚಿದ ಕಡತಗಳಲ್ಲಿ ಹುಲ್ಲುಗಾವಲು ಕೇವಲ ಎಕರೆಗಳ ಅಂಕಿಯಾಗಿದ್ದಿತು.