ಪತ್ರೆ, ತೂತು, ರಿವೆಟ್: ಮನೆಯಲ್ಲಿ ಕಟ್ಟುವ ವಿಮಾನದ ಉಪಕರಣಗಳ ಕಥೆ



ಸೊಲ್ಲಾಪುರದವರಿಗೆ ವಾಲಚಂದರ ಹೆಸರು ಕಾಲೇಜಿನ ಫಲಕದಿಂದ ಗೊತ್ತು. ಆದರೆ 1882ರಲ್ಲಿ ಇದೇ ಊರಿನಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು 1940ರ ಡಿಸೆಂಬರಿನಲ್ಲಿ ಮೈಸೂರು ಸಂಸ್ಥಾನವನ್ನು ಪಾಲುದಾರ ಮಾಡಿಕೊಂಡು ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಕಟ್ಟಿದರು ಎಂಬುದು ನಮ್ಮ ಮಕ್ಕಳಲ್ಲಿ ಬಹಳ ಜನಕ್ಕೆ ಗೊತ್ತಿಲ್ಲ. ಅಲ್ಲಿ 1941ರಲ್ಲಿ ತಯಾರಾದ ಮೊದಲ ವಿಮಾನ ಅಮೆರಿಕದಿಂದ ಬಂದ ಭಾಗಗಳನ್ನು ಕೂಡಿಸಿ ಮಾಡಿದ ಹಾರ್ಲೋ ಎಂಬ ತರಬೇತಿ ವಿಮಾನ.

ಒಂಬತ್ತನೆಯ ಇಯತ್ತೆಯಲ್ಲಿ ಇದನ್ನು ಹೇಳುತ್ತಿದ್ದಾಗ ಒಬ್ಬ ಹುಡುಗ ಎದ್ದು, “ಸರ್, ಭಾಗ ಎಲ್ಲಾ ತಯಾರಿದ್ರ ವಿಮಾನ ಮನ್ಯಾಗ ಮಾಡಾಕ ಬರ್ತದೇನ್ರೀ?” ಎಂದು ಕೇಳಿದ. ತರಗತಿ ನಕ್ಕಿತು. ನಾವೂ ನಕ್ಕೆವು ಎಂದು ಒಪ್ಪಿಕೊಳ್ಳಬೇಕು. ಅವನ ತಂದೆ ಪತ್ರೆಯ ಟ್ರಂಕು ಮಾಡುವವರು. ಪತ್ರೆ ಕತ್ತರಿ, ಡ್ರಿಲ್, ರಿವೆಟ್ ಎಲ್ಲ ಮನೆಯಲ್ಲೇ ಇವೆ. ಅವನು ತಮಾಷೆಗೆ ಕೇಳಿರಲಿಲ್ಲ. ಆದ್ದರಿಂದ ಈ ಬರಹ ಅವನಿಗಾಗಿ.

ಬರುತ್ತದೆ. ಅಮೆರಿಕ, ಕೆನಡಾ ದೇಶಗಳಲ್ಲಿ ಸಾವಿರಾರು ಜನ ಮನೆಯ ಗ್ಯಾರೇಜಿನಲ್ಲಿ ಲೋಹದ ವಿಮಾನ ಕಟ್ಟಿ ಹಾರಿಸಿದ್ದಾರೆ. ಆದರೆ ಯಾವ ಹತ್ಯಾರು ಬೇಕು ಎಂಬುದು ಅಂಗಡಿಯಲ್ಲಿ ನಿಂತು ತೀರ್ಮಾನಿಸುವ ಮಾತಲ್ಲ. ಅದಕ್ಕೆ ನೂರು ವರ್ಷದ ಇತಿಹಾಸವಿದೆ.

ಮೊದಲ ವಿಮಾನಗಳು ಕಟ್ಟಿಗೆ ಮತ್ತು ಬಟ್ಟೆಯವು. 1915ರಲ್ಲಿ ಜರ್ಮನಿಯ ಹ್ಯೂಗೋ ಜಂಕರ್ಸ್ ಪೂರ್ತಿ ಲೋಹದ ವಿಮಾನ ಹಾರಿಸಿದರು. ಅದು ಉಕ್ಕಿನದು, ಭಾರ ಬಹಳ. ಅದಕ್ಕೂ ಮೊದಲೇ, 1906ರಲ್ಲಿ, ಆಲ್ಫ್ರೆಡ್ ವಿಲ್ಮ್ ಎಂಬ ಜರ್ಮನ್ ವಿಜ್ಞಾನಿ ಅಲ್ಯೂಮಿನಿಯಮ್ಮಿಗೆ ಸ್ವಲ್ಪ ತಾಮ್ರ ಬೆರೆಸಿ, ಕಾಯಿಸಿ, ಒಮ್ಮೆಲೆ ತಣಿಸಿ ಇಟ್ಟರೆ ಅದು ಕೆಲವು ದಿನಗಳಲ್ಲಿ ತಾನಾಗಿಯೇ ಗಟ್ಟಿಯಾಗುವುದನ್ನು ಕಂಡುಕೊಂಡಿದ್ದರು. ಇದೇ ಡ್ಯುರಾಲುಮಿನ್. ಹಗುರವೂ ಹೌದು, ಬಲವೂ ಹೌದು. ಒಂದೇ ತೊಂದರೆ: ಬೆಸುಗೆ ಹಾಕಿದರೆ ಕಾವಿಗೆ ಆ ಬಲ ಇಳಿದುಹೋಗುತ್ತದೆ. ಹೀಗಾಗಿ ಪತ್ರೆಗಳನ್ನು ಕೂಡಿಸಲು ತೂತು ಕೊರೆದು ರಿವೆಟ್ ಹೊಡೆಯುವುದೇ ದಾರಿಯಾಯಿತು. ಇಂದಿನ ಮನೆ ಕಾರ್ಯಾಗಾರದ ಪಟ್ಟಿಯಲ್ಲಿರುವ ಹೆಚ್ಚಿನ ಹತ್ಯಾರುಗಳು ಈ ಒಂದು ಕಾರಣದಿಂದ ಬಂದವು.

ರಿವೆಟ್ ಹೊಡೆಯುವುದು ಇಬ್ಬರ ಕೆಲಸ. ಒಬ್ಬರು ಗಾಳಿಯ ಒತ್ತಡದಿಂದ ಬಡಿಯುವ ರಿವೆಟ್ ಗನ್ನನ್ನು ತಲೆಯ ಕಡೆ ಹಿಡಿಯುತ್ತಾರೆ. ಇನ್ನೊಬ್ಬರು ಹಿಂದಿನಿಂದ ಬಕಿಂಗ್ ಬಾರ್ ಎಂಬ ಉಕ್ಕಿನ ಗಟ್ಟಿಯನ್ನು ಒತ್ತಿ ಹಿಡಿಯುತ್ತಾರೆ. ಬಾಲ ಚಪ್ಪಟೆಯಾಗಿ ಎರಡನೆಯ ತಲೆ ಮೂಡುತ್ತದೆ. ಅದರ ಅಗಲ ರಿವೆಟ್ಟಿನ ದಪ್ಪದ ಒಂದೂವರೆ ಪಟ್ಟು, ಎತ್ತರ ಅರ್ಧ ಪಟ್ಟು ಇರಬೇಕು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಬಿ-24 ಬಾಂಬರ್ ಒಂದಕ್ಕೇ ಮೂರು ಲಕ್ಷಕ್ಕೂ ಹೆಚ್ಚು ರಿವೆಟ್ ಬೇಕಾಗುತ್ತಿತ್ತು. ಗಂಡಸರು ಯುದ್ಧಕ್ಕೆ ಹೋಗಿದ್ದರು. ಲಕ್ಷಾಂತರ ಹೆಣ್ಣುಮಕ್ಕಳು ವಿಮಾನದ ಕಾರ್ಖಾನೆಗೆ ಬಂದರು. 1943ರಲ್ಲಿ ನಾರ್ಮನ್ ರಾಕ್‌ವೆಲ್ ಬರೆದ ‘ರೋಸಿ’ ಎಂಬ ಚಿತ್ರದಲ್ಲಿ ಆ ಹೆಣ್ಣುಮಗಳ ತೊಡೆಯ ಮೇಲಿರುವುದು ಇದೇ ರಿವೆಟ್ ಗನ್. ಮನೆಯಲ್ಲಿ ವಿಮಾನ ಕಟ್ಟುವವರು ಇಂದಿಗೂ ಅಂಥದ್ದನ್ನೇ ಕೊಳ್ಳುತ್ತಾರೆ. ಜೊತೆಗೆ ಒಂದು ಗಾಳಿಯ ಕಂಪ್ರೆಸರ್. ಮತ್ತೆ, ಬಾರ್ ಹಿಡಿಯಲು ತಾಳ್ಮೆಯುಳ್ಳ ಒಬ್ಬ ಮನೆಯವರು!

ಯುದ್ಧದ ನಂತರ, 1953ರಲ್ಲಿ, ಪಾಲ್ ಪೊಬೆರೆಜ್ನಿ ಎಂಬವರು ವಿಸ್ಕಾನ್ಸಿನ್‌ನಲ್ಲಿ ಮನೆಯಲ್ಲಿ ವಿಮಾನ ಕಟ್ಟುವವರ ಸಂಘ ಆರಂಭಿಸಿದರು. ಆಗ ಹವ್ಯಾಸಿಗಳು ಹೆಚ್ಚಾಗಿ ಕಟ್ಟಿಗೆ, ಉಕ್ಕಿನ ಕೊಳವೆ, ಬಟ್ಟೆಗಳಲ್ಲೇ ಕಟ್ಟುತ್ತಿದ್ದರು. ಲೋಹದ ಪತ್ರೆಗೆ ಹೆದರಲು ಕಾರಣವಿತ್ತು. ಕಾರ್ಖಾನೆಯಲ್ಲಿ ರೆಕ್ಕೆಯ ಭಾಗಗಳನ್ನು ಅಲುಗದಂತೆ ಹಿಡಿಯಲು ಮನೆಯಷ್ಟು ದೊಡ್ಡ ಚೌಕಟ್ಟು ಇರುತ್ತದೆ. ಮನೆಯಲ್ಲಿ ಅದನ್ನು ಎಲ್ಲಿಂದ ತರುವುದು? ಇದಕ್ಕೆ ಉತ್ತರ ಕೊಟ್ಟವರು ಜಾನ್ ಥಾರ್ಪ್. 1964ರಲ್ಲಿ ಹಾರಿದ ಅವರ ಟಿ-18 ವಿಮಾನದಲ್ಲಿ ಚರ್ಮದ ಪತ್ರೆಗೂ ಒಳಗಿನ ಪಕ್ಕೆಲುಬಿಗೂ ಮೊದಲೇ ಅಳೆದು ತೂತು ಹಾಕುವ ವಿಧಾನವಿತ್ತು. ತೂತಿಗೆ ತೂತು ಕೂಡಿದರೆ ಆಕಾರ ತಾನೇ ಸರಿಯಾಗುತ್ತದೆ. 1976ರಲ್ಲಿ ಡಾನ್ ಟೇಲರ್ ಇಂಥ ಒಂದು ಟಿ-18ರಲ್ಲಿ ಭೂಮಿಯನ್ನೇ ಸುತ್ತಿ ಬಂದರು.

ಮುಂದೆ ರಿಚರ್ಡ್ ವ್ಯಾನ್‌ಗ್ರನ್ಸ್‌ವೆನ್ 1973ರಲ್ಲಿ ಆರಂಭಿಸಿದ ವ್ಯಾನ್ಸ್ ಕಂಪನಿ 1990ರ ದಶಕದಲ್ಲಿ ಗಣಕಯಂತ್ರದಿಂದ ತೂತು ಹಾಕಿದ ಪತ್ರೆಗಳನ್ನೇ ಪೆಟ್ಟಿಗೆಯಲ್ಲಿಟ್ಟು ಕಳಿಸತೊಡಗಿತು. ದೊಡ್ಡ ಚೌಕಟ್ಟು ಪಟ್ಟಿಯಿಂದ ಹೋಯಿತು. ಉಳಿದದ್ದು ಕ್ಲೀಕೋ: ಪತ್ರೆಗಳನ್ನು ತಾತ್ಕಾಲಿಕವಾಗಿ ಹಿಡಿಯಲು ತೂತಿನಲ್ಲಿ ಸಿಕ್ಕಿಸುವ, ಬೆರಳುದ್ದದ ಸ್ಪ್ರಿಂಗ್ ಪಿನ್ನು. ಸಿಂಪಿಗರು ಹೊಲಿಗೆಗೆ ಮೊದಲು ಟಾಚಣಿ ಚುಚ್ಚುತ್ತಾರಲ್ಲ, ಹಾಗೆ. ಇವು ಹತ್ತಿಪ್ಪತ್ತು ಸಾಲವು, ನೂರಾರು ಬೇಕು.

ಇನ್ನು ಟ್ರಂಕಿನ ಹುಡುಗನಿಗೆ ಹತ್ತಿರವಾದ ದಾರಿ. ಫ್ರಾನ್ಸಿನಿಂದ ಕೆನಡಾಕ್ಕೆ ಹೋದ ಎಂಜಿನಿಯರ್ ಕ್ರಿಸ್ ಹೈಂಟ್ಸ್ 1974ರಲ್ಲಿ ಝೆನೇರ್ ಕಂಪನಿ ಆರಂಭಿಸಿದರು. ಅವರು ಆರಿಸಿದ್ದು ಒಂದೇ ಕಡೆಯಿಂದ ಎಳೆದು ಕೂಡಿಸುವ ರಿವೆಟ್, ಅಂದರೆ ನಾವು ಬಜಾರಿನಲ್ಲಿ ಪಾಪ್ ರಿವೆಟ್ ಎನ್ನುವ ಜಾತಿ. ಇದಕ್ಕೆ ಹಿಂದೆ ಬಾರ್ ಹಿಡಿಯುವವರು ಬೇಡ. ಒಬ್ಬರೇ ಮಾಡಬಹುದು, ಸದ್ದಿಲ್ಲ, ಖರ್ಚೂ ಕಡಿಮೆ. ವ್ಯಾನ್ಸ್ ಕೂಡ 2006ರಲ್ಲಿ ಹಾರಿದ ತನ್ನ ಆರ್‌ವಿ-12ಕ್ಕೆ ಹೆಚ್ಚಾಗಿ ಇದನ್ನೇ ಬಳಸಿತು. ಹೀಗಾಗಿ ಹತ್ಯಾರು ಆರಿಸುವ ಮೊದಲ ಪ್ರಶ್ನೆ ‘ಯಾವ ಡ್ರಿಲ್?’ ಅಲ್ಲ, ‘ಯಾವ ರಿವೆಟ್?’ ಆದರೆ ಒಂದು ಎಚ್ಚರ: ಎಳೆಯುವ ಇಕ್ಕಳ ಒಂದೇ ತೆರನಾಗಿ ಕಂಡರೂ, ಹಾರ್ಡ್‌ವೇರ್ ಅಂಗಡಿಯ ರಿವೆಟ್ ವಿಮಾನಕ್ಕೆ ಆಗದು. ನಕ್ಷೆಯಲ್ಲಿ ಹೇಳಿದ್ದೇ ಆಗಬೇಕು.

ಎಲ್ಲಿ ಹಣ ಉಳಿಸಬಹುದು? ಮೇಜು, ಹಿಡಿಕೆ, ಕತ್ತರಿ ಸಾಧಾರಣದ್ದಾದರೂ ನಡೆದೀತು. ಉಳಿಸಬಾರದ್ದು ತೂತಿನ ವಿಷಯದಲ್ಲಿ. 3/32 ಇಂಚಿನ ರಿವೆಟ್ಟಿಗೆ 40ನೆಯ ನಂಬರಿನ ಬೈರಿಗೆ ಅಲಗು ಬೇಕು. ರಿವೆಟ್ 2.38 ಮಿಲಿಮೀಟರ್, ತೂತು 2.49. ಅಂತರ ಕೂದಲೆಳೆಯಷ್ಟು. ಮೊಂಡಾದ ಅಲಗು ತೂತನ್ನು ಹರಿದುಬಿಡುತ್ತದೆ. ಕೊರೆದ ಮೇಲೆ ಅಂಚಿನ ಮುಳ್ಳನ್ನು ಕೆರೆದು ತೆಗೆಯಲು ಒಂದು ಚಿಕ್ಕ ಹತ್ಯಾರಿದೆ. ಕಡಿಮೆ ಬೆಲೆಯದು, ಆದರೆ ಅದನ್ನು ಬಿಟ್ಟರೆ ಬಿರುಕು ಅಲ್ಲಿಂದಲೇ ಹುಟ್ಟುತ್ತದೆ.

ಇದು ಹೆದರಿಸುವ ಮಾತಲ್ಲ. ರಿವೆಟ್ಟಿನ ತಲೆ ಪತ್ರೆಯೊಳಗೆ ಸಮವಾಗಿ ಕೂರಲು ಎರಡು ದಾರಿ: ತೂತಿನ ಬಾಯಿಯನ್ನು ಕೊರೆದು ಅಗಲ ಮಾಡುವುದು, ಇಲ್ಲವೇ ಎರಡು ಅಚ್ಚುಗಳ ನಡುವೆ ಒತ್ತಿ ಕುಳಿ ಮಾಡುವುದು. ತೆಳು ಪತ್ರೆಯನ್ನು ಕೊರೆದರೆ ತೂತಿನ ಅಂಚು ಚಾಕುವಿನ ಬಾಯಿಯಂತೆ ಆಗುತ್ತದೆ. 1988ರ ಏಪ್ರಿಲ್ 28ರಂದು ಹವಾಯಿಯಲ್ಲಿ ಅಲೋಹಾ ಕಂಪನಿಯ ಬೋಯಿಂಗ್ 737ರ ಮೇಲ್ಛಾವಣಿ ಆಕಾಶದಲ್ಲೇ ಕಿತ್ತುಹೋಯಿತು. ಒಬ್ಬ ಗಗನಸಖಿ ತೀರಿಹೋದರು. ಪತ್ರೆಗಳ ನಡುವಿನ ಅಂಟು ಬಿಟ್ಟು, ಭಾರವೆಲ್ಲ ರಿವೆಟ್ ತೂತುಗಳ ಇಂಥ ಚೂಪು ಅಂಚಿನ ಮೇಲೆ ಬಿದ್ದಿತ್ತು. ಆ ವಿಮಾನ ಸುಮಾರು 90 ಸಾವಿರ ಬಾರಿ ಹಾರಿತ್ತು. ಮನೆ ಪಟ್ಟಿಯಲ್ಲಿ ಕುಳಿ ಒತ್ತುವ ಅಚ್ಚು ಏಕಿದೆ ಎಂಬುದಕ್ಕೆ ಇಷ್ಟು ಸಾಕು. ಕಿಟ್ ಕಂಪನಿಗಳಿಗೂ ಈ ಪಾಠ ತಪ್ಪಲಿಲ್ಲ. ವ್ಯಾನ್ಸ್ ಕೆಲವು ಭಾಗಗಳ ತೂತುಗಳನ್ನು ಲೇಸರಿನಿಂದ ಕತ್ತರಿಸಿತು. ಕುಳಿ ಒತ್ತಿದಾಗ ಕೆಲವದರಲ್ಲಿ ಬಿರುಕು ಕಂಡಿತು. ಬೇರೆ ನಷ್ಟಗಳೂ ಕೂಡಿ, 2023ರ ಡಿಸೆಂಬರಿನಲ್ಲಿ ಅದು ದಿವಾಳಿ ರಕ್ಷಣೆಗೆ ನ್ಯಾಯಾಲಯದ ಮೊರೆಹೋಗಬೇಕಾಯಿತು. 2024ರಲ್ಲಿ ಚೇತರಿಸಿಕೊಂಡಿತು.

ಅಮೆರಿಕದ ನಿಯಮದಲ್ಲಿ ಶಿಕ್ಷಕರಾದ ನಮಗೆ ಇಷ್ಟವಾದದ್ದು ಒಂದಿದೆ. ಮನೆಯಲ್ಲಿ ಕಟ್ಟಿದ್ದು ಎಂದು ಒಪ್ಪಲು ಅರ್ಧಕ್ಕಿಂತ ಹೆಚ್ಚಿನ ಕೆಲಸ ಹವ್ಯಾಸಿಗಳೇ ಮಾಡಿರಬೇಕು. ಅದೂ ಸ್ವಂತ ಶಿಕ್ಷಣಕ್ಕೋ ಮನರಂಜನೆಗೋ ಮಾಡಿರಬೇಕು. ನಮ್ಮ ರಾಜ್ಯದಲ್ಲೂ ಪೈಲಟ್ ಅಮೋಲ್ ಯಾದವ್ ಮುಂಬಯಿಯ ತಮ್ಮ ಮನೆಯ ಮಾಳಿಗೆಯ ಮೇಲೆ ಸ್ವಂತ ವಿನ್ಯಾಸದ ವಿಮಾನ ಕಟ್ಟಿದರು. 2017ರಲ್ಲಿ ಅದಕ್ಕೆ ನೋಂದಣಿ ಸಿಕ್ಕಿತು. ಅನುಮತಿಗಾಗಿ ವರ್ಷಗಟ್ಟಲೆ ಅಲೆದಾಡಬೇಕಾಯಿತು, ಅದು ಬೇರೆ ಕಥೆ.

ನಮ್ಮ ಹುಡುಗ ಮರುವಾರ ತಂದೆಯ ಅಂಗಡಿಯಿಂದ ಎರಡು ಅಲ್ಯೂಮಿನಿಯಮ್ ತುಂಡು ತಂದ. ಹತ್ತು ರಿವೆಟ್‌ನ ಒಂದು ಸಾಲು ಹಾಕೋಣ ಎಂದೆವು. ಕ್ಲೀಕೋ ಇಲ್ಲದ್ದಕ್ಕೆ ಸಣ್ಣ ನಟ್ಟು ಬೋಲ್ಟು ಸಿಕ್ಕಿಸಿದೆವು. ಮೂರು ತೂತು ಸರಿ ಕೂಡಿದವು, ನಾಲ್ಕನೆಯದು ಅರ್ಧ ಮಿಲಿಮೀಟರ್ ಪಕ್ಕಕ್ಕೆ ಹೋಯಿತು. ಅವನು ಅದನ್ನು ಬೆಳಕಿಗೆ ಹಿಡಿದು ನೋಡಿ, “ಟ್ರಂಕಿಗೆ ನಡೀತದ್ರಿ ಸರ್” ಎಂದು ಪಕ್ಕಕ್ಕಿಟ್ಟು, ಬೇರೆ ತುಂಡಿಗೆ ಗುರುತು ಹಾಕತೊಡಗಿದ.